ಫತೇ ಮೈದಾನ ಅನಬೇಕೋ, ಎಲ್‌ಬಿ ಸ್ಟೇಡಿಯಂ ಅನಬೇಕೋ? ಗೋಡೆ ಪತ್ರಿಕೆಗೆ ಒಂದು ಪುಟ ಬರೀಬೇಕಾಗ್ಯದ

ಪಿಟಿ ಮಾಸ್ತರ, ಕಲಬುರಗಿ

ಎಲ್ಲರಿಗೂ ಶರಣು. ನಾನು ಕಲಬುರಗಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ಒಂಬತ್ತನೇ ಕ್ಲಾಸಿನ ಮಕ್ಕಳನ್ನ ಹೈದರಾಬಾದ್ ಪ್ರವಾಸಕ್ಕ ಕರಕೊಂಡು ಹೋಗಿದ್ದೆವು. ಚಾರ್‌ಮಿನಾರ್, ಗೋಲ್ಕೊಂಡ ಎಲ್ಲಾ ಮುಗಿಸಿ ಬರುವಾಗ ಬಶೀರ್‌ಬಾಗ್‌ನಲ್ಲಿ ಬಸ್ ನಿಲ್ಲಿಸಿ ಲಾಲ್ ಬಹಾದ್ದೂರ್ ಶಾಸ್ತ್ರಿ ಸ್ಟೇಡಿಯಂ ತೋರಿಸಿದೆ. ವಾಪಸ್ ಬಂದ ಮೇಲೆ ನೋಡಿದ್ದನ್ನ ನಾಲ್ಕು ಸಾಲಿನಲ್ಲಿ ಬರೀರಿ ಅಂದೆ. ಒಬ್ಬ 'ಹಳೇ ಕ್ರಿಕೆಟ್ ಸ್ಟೇಡಿಯಂ' ಅಂತ ಬರೆದ. ಇನ್ನೊಬ್ಬಳು 'ಮುಖ್ಯಮಂತ್ರಿಗಳು ಪ್ರಮಾಣ ವಚನ ತಗೊಂಡ ಜಾಗ' ಅಂತ ಬರೆದಳು. ಹಿಂದಿನ ಬೆಂಚಿನ ಹುಡುಗ 'ಸುತ್ತ ಬ್ಯಾಟು, ಬೂಟು ಮಾರುವ ಅಂಗಡಿ ಇರುವ ದೊಡ್ಡ ಗೋಡೆ' ಅಂತ ಬರೆದಿದ್ದ. ಮೂರೂ ಖರೇನೇ. ಮನೆಗೆ ಹೋಗಿ ಹೇಳಿದರ ನಮ್ಮ ಅಪ್ಪ, "ಅದು ಸ್ಟೇಡಿಯಂ ಯಾವಾಗ ಆಯ್ತೋ, ಫತೇ ಮೈದಾನ ಅನ್ನು" ಅಂದರು.

ಈಗ ಗೋಡೆ ಪತ್ರಿಕೆಗೆ ಆ ಜಾಗದ ಬಗ್ಗೆ ಒಂದು ಪುಟ ಬೇಕು. ಯಾವುದನ್ನ ಮೊದಲು ಇಡಬೇಕು, ಯಾವುದನ್ನ ಬಿಡಬೇಕು ತಿಳೀವಲ್ದು. ಒಂದು ಕಾಲಕ್ಕ ನಮ್ಮ ಭಾಗಕ್ಕ ರಾಜಧಾನಿ ಹೈದರಾಬಾದೇ. ನಿಮ್ಮಲ್ಲಿ ಭಾಳ ಮಂದಿ ಅಲ್ಲಿ ಓದಿದವರು, ದುಡಿದವರು ಅದೀರಿ. ಗೊತ್ತಿದ್ದದ್ದು ಹೇಳ್ರಿ.

ಗಂಜ್ ಕಾಕಾ

ಮಾಸ್ತರ, ನಿಮ್ಮ ಅಪ್ಪಾಜಿ ಹೇಳಿದ್ದು ಬರೋಬ್ಬರಿ. ನಮ್ಮ ವಯಸ್ಸಿನವರ ಬಾಯಿಂದ ಎಲ್‌ಬಿ ಅಂತ ಹೊಂಡೂದೇ ಇಲ್ಲ.

ಹೆಸರಿನ ಹಿಂದಿನ ಕಥಿ ಇದು. ಔರಂಗಜೇಬ 1686ರಾಗ ಬಿಜಾಪುರ ತಗೊಂಡ. ಮುಂದಿನ ವರ್ಷ ಗೋಲ್ಕೊಂಡಕ್ಕ ಮುತ್ತಿಗಿ ಹಾಕಿದ. ಎಂಟು ತಿಂಗಳು ಕೋಟಿ ಬೀಳಲಿಲ್ಲ. ಕಡೀಕ ಒಳಗಿನವರೇ ಬಾಗಿಲು ತೆರೆದರು ಅಂತ ಹೇಳ್ತಾರ. ಆ ಮುತ್ತಿಗಿ ಟೈಮಿನಾಗ ಮೊಗಲರ ದಂಡು ಬೀಡು ಬಿಟ್ಟಿದ್ದ ಬಯಲು ಇದು, ಗೆದ್ದ ಮ್ಯಾಲ ಫತೇ ಮೈದಾನ ಆಯ್ತು. ಫತೇ ಅಂದ್ರ ಗೆಲುವು. ನಿಜಾಮರ ಕಾಲಕ್ಕ ಅಲ್ಲಿ ಪೋಲೋ ಆಡತಿದ್ದರು. ಶಾಸ್ತ್ರೀಜಿ ಹೆಸರು ಬಂದದ್ದು 1967ರಾಗ.

ಅಂದ್ರ ಸ್ಟೇಡಿಯಂ ಆಗೂದಕ್ಕಿಂತ ಮೊದಲ ಅದು ದಂಡಿನ ಬಯಲು, ಆಮ್ಯಾಲ ಕುದುರಿ ಬಯಲು. ಮಕ್ಕಳಿಗೆ ಇಲ್ಲಿಂದಲೇ ಸುರು ಮಾಡ್ರಿ. 'ಮೈದಾನ' ಅನ್ನೂ ಮಾತಿನಾಗ ಎಲ್ಲಾರಿಗೂ ಜಾಗ ಅದ. ಸ್ಟೇಡಿಯಂ ಅಂದಕೂಡಲೇ ಗೇಟು, ಟಿಕೆಟ್ ನೆನಪಿಗೆ ಬರತಾವ.

ಇನ್ನೊಂದು ಮಾತು. 1983ರ ಜನವರಿ 9, ಎನ್‌ಟಿ ರಾಮರಾವ್ ಪ್ರಮಾಣ ವಚನ ತಗೊಂಡದ್ದು ರಾಜಭವನದಾಗ ಅಲ್ಲ, ಅದೇ ಮೈದಾನದಾಗ. ನಾ ಆಗ ಬೇಗಂ ಬಜಾರದಾಗ ಬ್ಯಾಳಿ ದುಕಾನದಾಗ ಲೆಕ್ಕ ಬರಕೋತ ಇದ್ದೆ. ಮಾಲಕರು ಮುಂಜಾನಿನೇ ಶಟರ್ ಇಳಿಸಿ ಹೋಗ್ರಿ ಅಂದರು. ನಮಗ ಒಳಗ ಜಾಗ ಸಿಗಲಿಲ್ಲ, ಗೋಡಿ ಹೊರಗ ನಿಂತು ಭೋಂಗಾದಾಗ ಕೇಳಿದಿವಿ. ಬಾಜೂಕ ನಿಂತಿದ್ದ ಒಬ್ಬ ರಿಕ್ಷಾದವ ಅಳತಿದ್ದ. ನನಗ ತೆಲುಗು ಅರ್ಧ ತಿಳೀತಿತ್ತು, ಅವನ ಅಳು ಪೂರಾ ತಿಳೀತು. ಅದನ್ನ ಬಿಟ್ಟು ಆ ಜಾಗದ ಬಗ್ಗೆ ಹ್ಯಾಂಗ ಬರೀತೀರಿ?

ಸ್ಕೋರ್ ಬುಕ್

ಕಾಕಾ ಹೇಳಿದ್ದಕ್ಕ ಗೌರವ ಅದ, ಆದರ ಕ್ರಿಕೆಟ್ ಒಂದೇ ಸಾಲಿನಾಗ ಮುಗಿಸಬ್ಯಾಡ್ರಿ ಸರ್. 'ಹಳೇ ಕ್ರಿಕೆಟ್ ಸ್ಟೇಡಿಯಂ' ಅಂತ ಬರೆದ ಹುಡುಗನಿಗೆ ನನ್ನ ಕಡಿಂದ ಶಹಬ್ಬಾಸ್ ಹೇಳ್ರಿ.

ಅಲ್ಲಿ ಒಟ್ಟು 3 ಟೆಸ್ಟ್ ನಡೆದಾವ. ವಿಶೇಷ ಅಂದ್ರ ಮೂರಕ್ಕೂ ಎದುರಾಳಿ ನ್ಯೂಜಿಲೆಂಡೇ: 1955, 1969, 1988. ಮೊದಲನೇದರಾಗ ನಾಯಕ ಹೈದರಾಬಾದಿನವರೇ ಆದ ಗುಲಾಂ ಅಹ್ಮದ್. ಪಾಲಿ ಉಮ್ರಿಗರ್ 223 ಹೊಡೆದರು, ಟೆಸ್ಟ್‌ನಲ್ಲಿ ಭಾರತದವರೊಬ್ಬರ ಮೊದಲ ದ್ವಿಶತಕ ಅದು. 1969ರದ್ದು ಮಳೆ ಉಳಿಸಿದ ಟೆಸ್ಟ್. ನಮ್ಮವರು ಮೊದಲ ಇನಿಂಗ್ಸ್‌ನಲ್ಲಿ 89ಕ್ಕೆ ಆಲೌಟ್, ಎರಡನೇದರಲ್ಲಿ 76ಕ್ಕೆ 7 ಹೋಗಿದ್ದಾಗ ಮಳೆ ಸುರು ಆಯ್ತು. 1988ರಲ್ಲಿ 10 ವಿಕೆಟ್‌ನಿಂದ ಗೆದ್ದಿವಿ.

ಆದರ ನನ್ನ ಪಾಲಿಗೆ ಆ ಮೈದಾನ ಅಂದ್ರ 1999ರ ನವೆಂಬರ್ 8. ಮತ್ತ ನ್ಯೂಜಿಲೆಂಡೇ. ತೆಂಡೂಲ್ಕರ್ ಔಟಾಗದೆ 186, ನಮ್ಮ ದ್ರಾವಿಡ್ 153, ಇಬ್ಬರ ಜೊತೆಯಾಟ 331. ಏಕದಿನ ಪಂದ್ಯದ ಆ ದಾಖಲೆ 2015ರ ತನಕ ಉಳೀತು. ನಾ ಆಗ ಏಳನೇ ಕ್ಲಾಸ್. ಓಣ್ಯಾಗ ಒಂದೇ ಮನಿಯಾಗ ಕಲರ್ ಟಿವಿ ಇತ್ತು. ಕರೆಂಟ್ ಹೋದಾಗ ರೇಡಿಯೋಕ್ಕ ಓಡಿ, ಬಂದಾಗ ಟಿವಿಗೆ ಓಡಿ, ನೋಟ್‌ಬುಕ್ಕಿನಾಗ ಒಂದೊಂದೇ ರನ್ ಗೆರಿ ಎಳೀತಿದ್ದೆ. ಆ ನೋಟ್‌ಬುಕ್ ಇನ್ನೂ ಅದ, ಹೆಸರು ಇಟ್ಟುಕೊಂಡದ್ದು ಅದರಿಂದಲೇ.

2003ರ ನವೆಂಬರ್ 15ರಂದು ಅಲ್ಲಿ ಕಡೇ ಏಕದಿನ. ಅದೂ ನ್ಯೂಜಿಲೆಂಡ್ ಮೇಲೇ, ಸೆಹ್ವಾಗ್ 130, ತೆಂಡೂಲ್ಕರ್ 102. 2005ರಿಂದ ದೊಡ್ಡ ಪಂದ್ಯ ಎಲ್ಲಾ ಉಪ್ಪಲ್‌ನ ಹೊಸ ಸ್ಟೇಡಿಯಂಗೆ ಹೋದವು. ಕಾರಣನೂ ಬರೀರಿ: ಫತೇ ಮೈದಾನ ಸರ್ಕಾರದ ಕ್ರೀಡಾ ಪ್ರಾಧಿಕಾರದ್ದು, ಕ್ರಿಕೆಟ್ ಸಂಸ್ಥೆಗೆ ಸ್ವಂತ ಮೈದಾನ ಬೇಕಿತ್ತು. ಜಾಗ ಯಾರದು ಅನ್ನೂದರ ಮೇಲೆ ಅಲ್ಲಿ ಏನು ನಡೀತದ ಅನ್ನೂದು ಗಟ್ಟಿ ಆಗ್ತದ.

ಬೀದರ್ ಗವಾನ್

ಹಿಂದಿನ ಬೆಂಚಿನ ಹುಡುಗನ ಪರ ನಾನು. ನಮ್ಮ ಬೀದರದಿಂದ ಆಟದ ಸಾಮಾನಿಗೆ ಅಂತ ಹೋದ್ರ ಮೊದಲು ಇಳಿಯೂದೇ ಆ ಗೋಡಿ ಹತ್ರ. ಕಾಲೇಜ್ ವಾಲಿಬಾಲ್ ಟೀಮಿಗೆ ನೆಟ್, ಬಾಲು, ಮೊಣಕಾಲಿನ ಪಟ್ಟಿ ಎಲ್ಲಾ ಅಲ್ಲಿಂದಲೇ ತಂದೀವಿ. ನಾ ನಾಲ್ಕು ವರ್ಷ ಆ ಅಂಗಡಿಗಳಿಗೆ ಹೋದರೂ ಗೇಟಿನ ಒಳಗ ಕಾಲಿಟ್ಟಿರಲಿಲ್ಲ, ಇದು ಖರೇ ಹೇಳ್ತೀನಿ.

ಒಳಗ ಹೋದ ದಿನ ಕಂಡದ್ದು ಕ್ರಿಕೆಟ್ ಅಲ್ಲ. ಒಳಾಂಗಣದಾಗ ಸಣ್ಣ ಸಣ್ಣ ಮಕ್ಕಳು ಶಟಲ್ ಆಡತಿದ್ದರು, ತಾಯಂದಿರು ಡಬ್ಬಿ ಹಿಡಕೊಂಡು ಕುಂತಿದ್ದರು. ಸೈನಾ ನೆಹ್ವಾಲ್ ಆಟ ಸುರು ಮಾಡಿದ್ದು ಇದೇ ಎಲ್‌ಬಿ ಸ್ಟೇಡಿಯಂದಾಗ, ದಿನಾ ಮುಂಜಾನಿ ಕತ್ತಲಿದ್ದಾಗ ಅಪ್ಪನ ಸ್ಕೂಟರ್ ಮ್ಯಾಲ ಬರತಿದ್ದಳು. ಒಲಿಂಪಿಕ್ ಕಂಚು 2012ರಾಗ ಬಂತು. 331ರ ಜೊತೆಯಾಟ ಒಂದು ಮಧ್ಯಾಹ್ನದ್ದು ಅಣ್ಣಾ, ಅದನ್ನ ಸಣ್ಣದು ಅಂತ ಹೇಳ್ತಿಲ್ಲ. ಆದರ ಆ ಹುಡುಗಿ ಹಾದಿ ದಿನದಿನದ್ದು. ಪುಟದಾಗ ಇದೂ ಬರಲಿ.

ಯಾದಗಿರಿ ಬೆಟ್ಟದ ಬುಡ

ಇಷ್ಟು ಓದಿದ ಮೇಲೆ ಒಂದು ಕೇಳ್ತೀನಿ. ನಾವು ಬರೀ ಹೈದರಾಬಾದಿನ ಮಾತೇ ಯಾಕ ಆಡ್ಲಿಕತ್ತೀವಿ? ನಮ್ಮ ಊರಾಗಿನ ಮೈದಾನಗಳ ಬಗ್ಗೆ ಯಾರಾದ್ರೂ ಒಂದು ಪುಟ ಬರೆದಾರೇನು? ಯಾದಗಿರಿ ಜಿಲ್ಲಾ ಆಗಿದ್ದು 2009ರ ಡಿಸೆಂಬರ್ 30ಕ್ಕ. ಜಿಲ್ಲಾ ಆದ ಮೇಲೆ ಜಿಲ್ಲಾ ಕ್ರೀಡಾಂಗಣ ಅನ್ನೂ ಮಾತು ನಮ್ಮ ಬಾಯಿಗೆ ಬಂತು, ಅದಕ್ಕಿಂತ ಮೊದಲು 'ಗ್ರೌಂಡ್' ಅಷ್ಟೇ.

ಪಿಟಿ ಮಾಸ್ತರ, ಕಲಬುರಗಿ

ಸರಿಯಾಗಿ ಚುಚ್ಚಿದಿರಿ. ನಮ್ಮ ಚಂದ್ರಶೇಖರ ಪಾಟೀಲ ಕ್ರೀಡಾಂಗಣದ ಬಗ್ಗೆ ನನ್ನ ಮಕ್ಕಳಿಗೆ ನಾನೇ ಒಂದು ಸಾಲು ಬರೆಸಿಲ್ಲ. 2023ರ ಕೊನೆಗೆ ಅಲ್ಲಿ ಐಟಿಎಫ್ ಪುರುಷರ ಟೆನಿಸ್ ಟೂರ್ನಿ ನಡೆದಾಗ ಹೊರದೇಶದ ಆಟಗಾರರು ನಮ್ಮ ಬಿಸಿಲಿನಲ್ಲಿ ಆಡಿದರು, ಸಿಂಗಲ್ಸ್ ಪ್ರಶಸ್ತಿ ರಾಮ್‌ಕುಮಾರ್ ರಾಮನಾಥನ್ ಗೆದ್ದರು. ನಾಲ್ಕು ಹುಡುಗರನ್ನ ಕರಕೊಂಡು ಹೋಗಿದ್ದೆ. ಚೆಂಡು ರಾಕೆಟ್ಟಿಗೆ ಬಡಿದ ಸದ್ದಿಗೇ ಒಬ್ಬ ಹಿಂದಕ್ಕೆ ಸರಿದ. ಟಿವಿಯಲ್ಲಿ ಆ ಸದ್ದು ಬರೋದಿಲ್ಲ ಸರ್ ಅಂದ. ಇವತ್ತಿಗೂ ಆ ಹುಡುಗ ಕ್ರೀಡಾಂಗಣದ ಹೆಸರು ಹೇಳೋದಿಲ್ಲ, 'ಟೆನಿಸ್ ಕಂಡ ಜಾಗ' ಅಂತಾನೆ.

ಸ್ಕೋರ್ ಬುಕ್

ಹೆಸರಿನ ಮಾತು ಬಂತು ಅಂತ ಇದೊಂದು ಹೇಳಿಬಿಡ್ತೀನಿ. ಕರ್ನಾಟಕದ ಟಿ20 ಕ್ರಿಕೆಟ್ ಲೀಗ್ ಮಹಾರಾಜ ಟ್ರೋಫಿಯ ನಮ್ಮ ಟೀಮು ಗುಲ್ಬರ್ಗಾ ಮಿಸ್ಟಿಕ್ಸ್ 2022ರಾಗ ಕಪ್ ಗೆದ್ದಿತು, ಮನೀಶ್ ಪಾಂಡೆ ಕ್ಯಾಪ್ಟನ್. ಫೈನಲ್ ಬೆಂಗಳೂರಿನ ಚಿನ್ನಸ್ವಾಮಿಯಾಗ. ಊರಿನ ಹೆಸರು 2014ರ ನವೆಂಬರ್ 1ಕ್ಕೇ ಕಲಬುರಗಿ ಆಗ್ಯದ, ಜರ್ಸಿ ಮ್ಯಾಲ ಗುಲ್ಬರ್ಗಾ ಉಳಿದದ. ಹೆಸರಿಗಿಂತ ಹೆಚ್ಚು ನೋವು ಆಗೋದು, ಆ ವರ್ಷ ನಮ್ಮ ಟೀಮಿನ ಒಂದು ಪಂದ್ಯನೂ ನಮ್ಮ ಊರಾಗ ಕೂತು ನೋಡಲಿಕ್ಕಾಗಲಿಲ್ಲ. ಎಲ್ಲಾ ಮೈಸೂರು, ಬೆಂಗಳೂರು.

ನಾಲ್ಕು ಸುತ್ತು

ಸರ್, ಕಾಕಾ, ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಓದ್ತಾ ಇದ್ದೆ, ಬರೀಲೋ ಬ್ಯಾಡೋ ಅಂತ ಅನಿಸಿತ್ತು. ನಾ ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ತಯಾರಿ ಮಾಡ್ತಿರೋ ಹುಡುಗಿ. ನಮಗ 400 ಮೀಟರ್ 2 ನಿಮಿಷದೊಳಗ ಓಡಬೇಕು. ಗಂಡುಮಕ್ಕಳಿಗೆ 1600 ಮೀಟರ್, ಆರೂವರೆ ನಿಮಿಷ. ಅವರಿಗೆ ನಾಲ್ಕು ಸುತ್ತು, ನಮಗ ಒಂದು. ಆದರ ಉಸಿರು ಕೂಡಲಿ ಅಂತ ನಾನೂ ನಾಲ್ಕು ಓಡ್ತೀನಿ.

ನಾ ಓಡೋ ಮೈದಾನದ ಹೆಸರು ಹೇಳೋದಿಲ್ಲ, ನಮ್ಮ ಭಾಗದ್ದೇ. ಅಲ್ಲಿ ಒಂದು ದೊಡ್ಡ ಕಾರ್ಯಕ್ರಮ ಆಯ್ತು. ಒಂದೇ ದಿನದ್ದು. ಆದರ ಶಾಮಿಯಾನದ ಕಂಬ ಐದು ದಿನ ಮೊದಲೇ ಬಂದವು, ತೆಗೀಲಿಕ್ಕ ಮತ್ತ ನಾಲ್ಕು ದಿನ. ಅಷ್ಟೂ ದಿನ ಗೇಟ್ ಬಂದ್. ಗೇಟ್ ತೆರೆದ ಮೇಲೆ ಓಡಿದ್ರ ತಿರುವಿನಾಗ ಕುಣಿಗಳು, ಮುಷ್ಟಿ ಹೋಗುವಷ್ಟು. ಮ್ಯಾಲ ಸಡಿಲ ಮಣ್ಣು ತೂರಿದ್ದರು, ನೋಡಿದ್ರ ಸಪಾಟ ಕಾಣ್ತಿತ್ತು. ಮೊದಲ ಮಳಿಗೆ ಆ ಮಣ್ಣು ಕೆಳಗ ಕುಂತಿತು. ಮೂರನೇ ಸುತ್ತಿನಾಗ ನನ್ನ ಎಡಗಾಲು ಒಂದರೊಳಗ ಹೋಯ್ತು. ಹಿಮ್ಮಡದ ಮೇಲಿನ ಗಂಟು ತಿರುಗಿ ಮೂರು ವಾರ ಮನಿಯಾಗ. ನಮ್ಮವ್ವ ಮುಂಜಾನಿ ಸಂಜೀಕ ಬಿಸಿನೀರಿನ ಶಾಖ ಕೊಟ್ಟಳು. ಮೊದಲು 400ಕ್ಕ ನನ್ನ ಟೈಮ್ 1 ನಿಮಿಷ 50. ಈಗ 2 ನಿಮಿಷ 2 ಸೆಕೆಂಡು. ಆ ಎರಡು ಸೆಕೆಂಡಿಗೆ ನಾ ಫೇಲು.

ಕಾಕಾ, ಆ ರಿಕ್ಷಾದವರ ಅಳು ಓದಿ ನನಗೂ ಗಂಟಲು ತುಂಬಿತು. ನಾ ಸಭೆ ಬ್ಯಾಡ ಅಂತಿಲ್ಲ. ನಾವೂ ಅಲ್ಲಿ ದಿನಾ ಬರ್ತೀವಿ ಅನ್ನೋದನ್ನ ಮಕ್ಕಳ ಪುಟದಾಗ ಒಂದು ಸಾಲು ಬರೀರಿ ಅಂತ ಕೇಳ್ಕೋತೀನಿ.

ಗಂಜ್ ಕಾಕಾ

ಯವ್ವಾ, ನಿನ್ನ ಮಾತು ಎರಡು ಸಲ ಓದಿದೆ. ನಾ 1983 ನೆನಿಸಿದಾಗ ಮರುದಿನ ಅಲ್ಲಿ ಆಡಲಿಕ್ಕ ಬಂದ ಹುಡುಗರ ನೆನಪು ನನಗ ಬರಲೇ ಇಲ್ಲ. ನಲವತ್ತು ವರ್ಷ ಆದರೂ ಬರಲಿಲ್ಲ. ಅದು ನನ್ನ ಕಡಿಂದ ತಪ್ಪು.

ಆದರ ನನ್ನ ಮಾತನ್ನೂ ಪೂರಾ ಬಿಡೂದಿಲ್ಲ. 2004ರಾಗ ರಾಜಶೇಖರ ರೆಡ್ಡಿ, 2023ರ ಡಿಸೆಂಬರ್ 7ಕ್ಕ ರೇವಂತ ರೆಡ್ಡಿ, ಅಲ್ಲೇ ಪ್ರಮಾಣ ವಚನ. 2017ರಾಗ ವಿಶ್ವ ತೆಲುಗು ಸಮ್ಮೇಳನ ಅಲ್ಲೇ. ಸರ್ಕಾರದ ಇಫ್ತಾರ್ ಅಲ್ಲೇ ಆಗ್ಯದ, ಕ್ರಿಸ್‌ಮಸ್ ಊಟನೂ ಅಲ್ಲೇ ಆಗ್ಯದ. ಬಡವರಿಗೆ ಸರ್ಕಾರ ಕಣ್ಣಿಗೆ ಕಾಣೂ ಜಾಗ ಊರ ನಡುವ ಒಂದು ಬೇಕು. ಊರ ಹೊರಗ ಒಯ್ದರ ಗಾಡಿ ಇದ್ದವರಷ್ಟೇ ಹೋಗ್ತಾರ.

ಯಾದಗಿರಿ ಬೆಟ್ಟದ ಬುಡ

ಕಾಕಾ ಹೇಳೋದು ಸಣ್ಣ ಊರಿಗೆ ಇನ್ನೂ ಹೆಚ್ಚು ಹೊಂದ್ತದ. ಆಗಸ್ಟ್ 15ರ ಪರೇಡ್, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದ ಧ್ವಜಾರೋಹಣ, ನವೆಂಬರ್ 1, ದಸರಾ ಕ್ರೀಡಾಕೂಟ, ನೌಕರರ ಕ್ರೀಡಾಕೂಟ. ಬೆಂಗಳೂರಿಗೆ ಹತ್ತು ಮೈದಾನ ಅದಾವ, ಒಂದೇ ಇದ್ದವರು ಏನ್ ಮಾಡಬೇಕು? ಆದರ ತಂಗಿ ಕಾಲು ತಿರುಗಿದ್ದು ಧ್ವಜದಿಂದಲ್ಲ, ಕಂಬದ ಕುಣಿಯಿಂದ. ಎರಡನ್ನೂ ಒಂದೇ ತಕ್ಕಡ್ಯಾಗ ಹಾಕಬ್ಯಾಡ್ರಿ.

ಬೀದರ್ ಗವಾನ್

ಬೆಂಗಳೂರಿನಾಗೂ ಸುಖ ಇಲ್ಲ ಅಣ್ಣಾ. ಕಂಠೀರವದಾಗ ಅಥ್ಲೀಟ್‌ಗಳಿಗೂ ಫುಟ್‌ಬಾಲ್ ಕ್ಲಬ್ಬಿಗೂ ಜಾಗದ ತಕರಾರು ಹೈಕೋರ್ಟ್ ತನಕ ಹೋಗಿತ್ತು. ಅಲ್ಲಿ ಸಭೆನೂ ಅಲ್ಲ, ಆಟದವರ ನಡುವೇನೇ.

ಪಿಟಿ ಮಾಸ್ತರ, ಕಲಬುರಗಿ

ನಾಲ್ಕು ಸುತ್ತಿನ ತಂಗಿಗೆ ಮೊದಲು ಉತ್ತರ.

ಆ ಕುಣಿ ಯಾಕ ಕುಂತಿತು ಹೇಳ್ತೀನಿ. ನಮ್ಮದು ಎರಿ ಭೂಮಿ. ಬೇಸಿಗೀಗೆ ಬಿರುಕು ಬಿಡ್ತದ, ಮಳೆಗೆ ಉಬ್ಬಿ ಮೆತ್ತಗಾಗ್ತದ. ಅದಕ್ಕೇ ಓಟದ ಹಾದಿಗೆ ಮ್ಯಾಲ ಮುರುಮ್, ಅಂದರ ಗರಸು ಮಣ್ಣು, ಹಾಕಿ ನೀರು ಹೊಡೆದು ರೋಲರ್ ಓಡಿಸ್ತೀವಿ. ಆ ಮುರುಮಿನ ಪದರ ದಪ್ಪ ಇರೋದಿಲ್ಲ. ಕಂಬ ಹುಗಿದ ಸಬ್ಬಲ್ ಅದನ್ನ ದಾಟಿ ಎರಿಗೆ ಹೋಗ್ತದ. ತೆಗೆದ ಮೇಲೆ ಮಣ್ಣು ತೂರಿದರ ಸಾಲದು, ಮುರುಮ್ ತುಂಬಿ, ನೀರು ಹಾಕಿ, ದಮ್ಮಸ್ ಬಡಿದು, ಒಂದು ರಾತ್ರಿ ಬಿಟ್ಟು ಮತ್ತ ತುಂಬಿ ಬಡೀಬೇಕು. ಒಂದು ಕುಣಿಗೆ ಹತ್ತು ನಿಮಿಷದ ಕೆಲಸ. ಕಾರ್ಯಕ್ರಮ ಮಾಡೋರು ಬಾಡಿಗೆಯ ಜೊತೆ ಈ ಕೆಲಸಾನೂ ಮುಗಿಸಿಯೇ ಗೇಟ್ ಬಿಡಬೇಕು. ನನಗ ಬೇಕಾದದ್ದು ಇಷ್ಟೇ, ಇದನ್ನ ನಾನು ಎಲ್ಲಿ ಬೇಕಾದರೂ ನಿಂತು ಹೇಳ್ತೀನಿ.

ಸಾಹಿತ್ಯ ಸಮ್ಮೇಳನ 2020ರ ಫೆಬ್ರವರಿಯಲ್ಲಿ ನಮ್ಮಲ್ಲಿ ಆದಾಗ ಅದನ್ನ ವಿಶ್ವವಿದ್ಯಾಲಯದ ಬಯಲಿಗೆ ಒಯ್ದರು. ರಾಜಕೀಯ ಸಭೆಗೆ ಎನ್‌ವಿ ಮೈದಾನ ಅದ. ಅಂದರ ಕಲಬುರಗಿಯಂಥ ಊರಿಗೆ ಹಂಚಿಕೊಳ್ಳಲಿಕ್ಕ ಜಾಗ ಉಂಟು. ಯಾದಗಿರಿಯವರ ಕಷ್ಟ ಬ್ಯಾರೆ, ಒಪ್ಪಿದೆ.

ಈಗ ತಂಗಿ, ಒಂದು ಕೇಳ್ತೀನಿ, ವಿಚಾರ ಮಾಡಿ ಹೇಳು. ಕಾಲು ತಿರುಗಿದ ಮೇಲೆ ನೀನು ತಿರುವಿನಲ್ಲಿ ಮೊದಲಿನ ಹಾದಿಯಲ್ಲೇ ಓಡ್ತೀಯೋ, ಇಲ್ಲಾ ಕುಣಿ ತಪ್ಪಿಸಲಿಕ್ಕ ಹೊರಗೆ ಹೋಗ್ತೀಯೋ?

ನಾಲ್ಕು ಸುತ್ತು

ಹೊರಗೇ ಸರ್. ಎಲ್ಲರೂ ಹಂಗೇ ಓಡ್ತೀವಿ ಈಗ. ಎರಡು ತಿರುವಿನಾಗೂ ಹೊಸ ಕಾಲುದಾರಿ ಬಿದ್ದದ. ಹಳೇದಕ್ಕಿಂತ ಎರಡು ದೊಡ್ಡ ಹೆಜ್ಜಿ ಹೊರಗ.

ಪಿಟಿ ಮಾಸ್ತರ, ಕಲಬುರಗಿ

ಹಂಗಾದರ ನೀ ಓಡಿದ್ದು 400 ಅಲ್ಲವ್ವಾ.

ಲೆಕ್ಕ ಹೇಳ್ತೀನಿ. ನಿಯಮದ ಪ್ರಕಾರದ ಹಾದಿಯಲ್ಲಿ ಎರಡು ನೇರ ಭಾಗ, ಒಂದೊಂದು 84.39 ಮೀಟರ್. ತಿರುವಿನ ಒಳ ಅಂಚಿನ ತ್ರಿಜ್ಯ 36.50. ಓಡುವವರು ಅಂಚಿಗೆ ಅಂಟಿ ಓಡೋದಿಲ್ಲ ಅಂತ 30 ಸೆಂಟಿಮೀಟರ್ ಹೊರಗಿನಿಂದ ಅಳೀತಾರ. ಹಂಗ ಕೂಡಿಸಿದರ ಸರಿಯಾಗಿ 400. ಎರಡು ತಿರುವು ಸೇರಿದರ ಒಂದು ಪೂರ್ತಿ ವೃತ್ತ. ಅದರಲ್ಲಿ ನೀ 2 ಮೀಟರ್ ಹೊರಗೆ ಹೋದರ ಒಂದು ಸುತ್ತಿಗೆ ಹನ್ನೆರಡೂವರೆ ಮೀಟರ್ ಹೆಚ್ಚು. ನಿನ್ನ ವೇಗಕ್ಕ ಅದು ಮೂರೂವರೆ ಸೆಕೆಂಡಿನ ಮೇಲೆ. 2 ನಿಮಿಷ 2 ಸೆಕೆಂಡಿನಲ್ಲಿ ಅದನ್ನ ಕಳೆದು ನೋಡು.

ನಾಲ್ಕು ಸುತ್ತು

1 ನಿಮಿಷ 58.

ಸರ್, ಖರೇ ಹೇಳ್ತೀರಾ?

ಪಿಟಿ ಮಾಸ್ತರ, ಕಲಬುರಗಿ

ನಿನ್ನ ಎರಡು ಹೆಜ್ಜೆ 2 ಮೀಟರೇ ಆಗಿದ್ದರ ಖರೇ. ಆದರ ಅಂದಾಜಿನ ಮೇಲೆ ಪರೀಕ್ಷೆಗೆ ಹೋಗಬಾರದು, ಅಳೀಬೇಕು. ಈ ಭಾನುವಾರ ನಾನು ಬರ್ತೀನಿ. ನಿಮ್ಮ ಮೈದಾನ ಯಾವುದು ಅಂತ ನನಗಷ್ಟೇ ತಿಳಿಸು. ಗೂಟ, ತಂತಿ, ಸುಣ್ಣ ನಮ್ಮ ಸ್ಕೂಲಿನಲ್ಲಿ ಅವ. ತಿರುವಿನ ನಡುಬಿಂದು ಹುಡುಕಿ ಗೂಟ ಹೊಡೆದು, ತಂತಿ ಹಿಡಿದು ಒಂದು ಲೇನ್ ಹೊಸದಾಗಿ ಎಳೆಯೋಣ. ಕುಣಿಗಳಿಗೆ ಸುತ್ತ ಸುಣ್ಣ ಹಾಕೋಣ, ಕತ್ತಲಲ್ಲೂ ಕಾಣಬೇಕು. ಯಾರು ಯಾರು ಬರ್ತೀರಿ?

ಗೋಡೆ ಪತ್ರಿಕೆಯ ಪುಟ ಎರಡು ಮಾಡ್ತೀನಿ. ಒಂದು ಫತೇ ಮೈದಾನದ್ದು, ದಂಡಿನ ಬಯಲಿನಿಂದ ಶಟಲ್ ಮಕ್ಕಳ ತನಕ. ಮುಖ್ಯಮಂತ್ರಿಗಳ ಹೆಸರಿನ ಜೊತೆ ರಿಕ್ಷಾದವರ ಅಳುವೂ ಬರ್ತದ. ಇನ್ನೊಂದು ನಮ್ಮದು. ಅದನ್ನ ಮುಂಜಾನೆ ಐದಕ್ಕೆ ಯಾರು ಬರ್ತಾರೆ ಅನ್ನೋದರಿಂದ ಸುರು ಮಾಡ್ತೀನಿ. ಅದನ್ನ ಮಕ್ಕಳೇ ಹೋಗಿ ಕೇಳಿಕೊಂಡು ಬಂದು ಬರೀಲಿ.

ಸ್ಕೋರ್ ಬುಕ್

ನಾ ಬರ್ತೀನಿ. ನೋಟ್‌ಬುಕ್ ತರ್ತೀನಿ, ತಂಗಿ ಟೈಮ್ ನಾನೇ ಬರ್ಕೋತೀನಿ.

ಗಂಜ್ ಕಾಕಾ

ನನಗ ಮೊಣಕಾಲು ನೋವು, ಗೂಟ ಹೊಡೀಲಿಕ್ಕ ಆಗೂದಿಲ್ಲ. ಗಂಜದಾಗ ಪರಿಚಯದವರ ಟ್ರ್ಯಾಕ್ಟರ್ ಅದ, ಅರ್ಧ ಟ್ರಾಲಿ ಮುರುಮ್ ಕಳಸ್ತೀನಿ. ಮೈದಾನ ನೋಡಕೊಳ್ಳೂ ಸಾಹೇಬರಿಗೆ ಮೊದಲ ಒಂದು ಚೀಟಿ ಕೊಟ್ಟು ಪರವಾನಗಿ ತಗೋರಿ ಮಾಸ್ತರ. ಚಾ, ಉಪ್ಪಿಟ್ಟು ನಂದು.

ಬೀದರ್ ಗವಾನ್

ಬೀದರದಿಂದ ಭಾನುವಾರ ಆಗೂದಿಲ್ಲ, ಕ್ಷಮಿಸ್ರಿ. ಒಂದು ಮಾತು: ಅಳೀಲಿಕ್ಕ ಬಟ್ಟಿ ಟೇಪ್ ತಗೋಬ್ಯಾಡ್ರಿ, ಎಳೆದರ ಹಿಗ್ಗತದ. 50 ಮೀಟರಿನ ಸ್ಟೀಲ್ ಟೇಪೇ ಬೇಕು. ನಮ್ಮ ಕಾಲೇಜಿಂದು ಒಂದು ಅದ, ಶನಿವಾರದ ಬಸ್ಸಿಗೆ ಕಂಡಕ್ಟರ್ ಕೈಯಾಗ ಕೊಟ್ಟು ಕಳಸ್ತೀನಿ. ಸ್ಟ್ಯಾಂಡಿನಾಗ ಇಳಿಸ್ಕೋರಿ.

ನಾಲ್ಕು ಸುತ್ತು

ನಾ ಸ್ಟ್ಯಾಂಡಿಗೆ ಹೋಗಿ ತಗೋತೀನಿ ಅಣ್ಣಾ. ಬಸ್ ನಂಬರ್ ಹಾಕ್ರಿ.